ರೋಗಿಯೇ ವೈದ್ಯನಾದ ಬಗೆ

ವೈದ್ಯನಾಗಬಯಸುವವನು ಮೊದಲು ಗ್ರಂಥವನ್ನು ಹಿಡಿಯುವುದು ಲೋಕರೂಢಿ. ಚೀನಾ ದೇಶದ ಚೆಂಗ್ ಮಾನ್-ಚಿಂಗ್ ಅವರು ಮೊದಲು ಹಿಡಿದದ್ದು ಹಾಸಿಗೆಯನ್ನು. ತಮ್ಮ ನಾಡಿನ ಪ್ರಾಚೀನ ವೈದ್ಯಕ್ಕೂ ‘ತಾಯ್ ಚಿ’ ಎಂಬ ವ್ಯಾಯಾಮ ವಿದ್ಯೆಗೂ ಅವರನ್ನು ಕರೆತಂದದ್ದು ಕಾಯಿಲೆಯೇ.

1902ರಲ್ಲಿ ಝೆಜಿಯಾಂಗ್ ಪ್ರಾಂತದ ವೆನ್‌ಝೌ ಸೀಮೆಯಲ್ಲಿ ಜನಿಸಿದ ಚೆಂಗ್ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬಾಲ್ಯದಲ್ಲೊಮ್ಮೆ ತಲೆಯ ಮೇಲೆ ಇಟ್ಟಿಗೆ ಬಿದ್ದು ಪ್ರಜ್ಞೆ ತಪ್ಪಿದರು. ಚೇತರಿಸಿಕೊಂಡ ಹುಡುಗನನ್ನು ಚಿತ್ರಕಾರರೊಬ್ಬರ ಬಳಿ ಮಸಿ ಅರೆಯುವ ಕೆಲಸಕ್ಕೆ ಬಿಟ್ಟರು. ಮಸಿ ಅರೆದ ಕೈಯೇ ಮುಂದೆ ಕುಂಚವನ್ನೂ ಹಿಡಿಯಿತು. ಇಪ್ಪತ್ತರ ಹರೆಯದಲ್ಲಿಯೇ ಅವರು ಬೀಜಿಂಗ್, ಶಾಂಘೈ ನಗರಗಳಲ್ಲಿ ಚಿತ್ರಕಲೆಯ ಅಧ್ಯಾಪಕರೆನಿಸಿದರು.

ಕೀರ್ತಿ ಬಂದಿತು, ಆರೋಗ್ಯ ಬರಲಿಲ್ಲ. ಕ್ಷಯರೋಗ ತಗುಲಿ, ಕೆಮ್ಮಿದರೆ ರಕ್ತ ಕಾಣುವ ಸ್ಥಿತಿಯೊದಗಿತು. ಆ ಕಾಲದಲ್ಲಿ ಕ್ಷಯವನ್ನು ನೀಗುವ ಮದ್ದು ಯಾವ ದೇಶದಲ್ಲಿಯೂ ಇರಲಿಲ್ಲ. ಸ್ಟ್ರೆಪ್ಟೋಮೈಸಿನ್ ಪತ್ತೆಯಾದದ್ದು 1943ರಲ್ಲಿ. ಚೆಂಗ್ ಅವರು ಹಿಂದೆಯೇ ತಾಯ್ ಚಿಯನ್ನು ಕೊಂಚ ಕಲಿತಿದ್ದರು. ಮೈ ಹಗುರವಾದೊಡನೆ ಕೈಬಿಟ್ಟಿದ್ದರು. ಗುಣ ಕಂಡ ಮರುದಿನವೇ ಔಷಧದ ಸೀಸೆಯನ್ನು ಮೂಲೆಗಿಡುವ ರೋಗಿ ಯಾವ ನಾಡಿನಲ್ಲಿಲ್ಲ?

ಈ ಸಲ ಅವರು ಬಿಡಲಿಲ್ಲ. ಯಾಂಗ್ ಮನೆತನದ ಪ್ರಸಿದ್ಧ ಗುರು ಯಾಂಗ್ ಚೆಂಗ್‌ಫು ಅವರ ಶಿಷ್ಯರಾದರು. ಮೂಲತಃ ಯುದ್ಧವಿದ್ಯೆಯಾದ ತಾಯ್ ಚಿಯ ಅಭ್ಯಾಸ ನೋಡುವವರಿಗೆ ನೀರಿನಲ್ಲಿ ನಡೆದಂತೆ ತೋರುತ್ತದೆ. ಮಂಡಿ ತುಸು ಬಾಗಿರಬೇಕು, ಬೆನ್ನು ನೆಟ್ಟಗಿರಬೇಕು. ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲನೆ ಸಾಗಬೇಕು. ನಿಧಾನವೇ ಪ್ರಧಾನವೆಂಬ ನಮ್ಮ ಗಾದೆಯನ್ನು ಕೈಕಾಲುಗಳಿಂದ ಆಡಿ ತೋರಿಸಿದಂತೆ.

ಚಿತ್ರಕಾರನು ರೋಗಿಯಾದ ಮೇಲೆ ವೈದ್ಯನಾಗದೆ ಉಳಿಯಲಿಲ್ಲ. ಚೆಂಗ್ ಅವರು ಸಾಂಗ್ ಯೌ-ಆನ್ ಎಂಬ ಗುರುವಿನ ಬಳಿ ಚೀನೀ ವೈದ್ಯವನ್ನು ಕಲಿತರು. ಆ ಪದ್ಧತಿಯಲ್ಲಿ ಪರೀಕ್ಷೆಗಳು ನಾಲ್ಕು: ನೋಡುವುದು, ದನಿಯನ್ನು ಆಲಿಸಿ ವಾಸನೆಯನ್ನು ಗಮನಿಸುವುದು, ಪ್ರಶ್ನಿಸುವುದು, ನಾಡಿ ಹಿಡಿಯುವುದು. ದೇಹದಲ್ಲಿ ‘ಚಿ’ ಎಂಬ ಶಕ್ತಿ ಹರಿಯುತ್ತಿರುತ್ತದೆಂದೂ ಅದು ಕುಂದಿದರೆ, ತಡೆದರೆ ರೋಗವೆಂದೂ ಅಲ್ಲಿಯ ಮತ. ತಾಯ್ ಚಿ ಎಂಬ ಹೆಸರಿನಲ್ಲಿರುವ ‘ಚಿ’ ಬೇರೆಯೇ ಶಬ್ದ. ಅದಕ್ಕೆ ಪರಮಾವಧಿ ಎಂದರ್ಥ. ಆದರೂ ವೈದ್ಯನ ಮದ್ದು, ಅಭ್ಯಾಸಿಯ ನಡೆ ಎರಡೂ ಆ ಶಕ್ತಿಯ ಹರಿವನ್ನೇ ಬಯಸುತ್ತವೆಂದು ಚೆಂಗ್ ನಂಬಿದ್ದರು.

ಕಲಿತದ್ದನ್ನು ಅವರು ಬಚ್ಚಿಡಲಿಲ್ಲ. ಗುರುವಿನ ದೀರ್ಘ ಅಭ್ಯಾಸಕ್ರಮವನ್ನು 37 ಭಂಗಿಗಳಿಗೆ ಇಳಿಸಿ, ದುಡಿಯುವವರಿಗೂ ಕೈಗೆಟಕುವಂತೆ ಮಾಡಿದರು. 1949ರಲ್ಲಿ ತೈವಾನಿಗೆ ತೆರಳಿದ ಅವರು 1964ರಲ್ಲಿ ನ್ಯೂಯಾರ್ಕ್ ನಗರಕ್ಕೆ ಹೋಗಿ ಚೀನೀಯರಲ್ಲದವರಿಗೂ ಆ ವಿದ್ಯೆಯನ್ನು ಕಲಿಸಿದರು. ಇಬ್ಬರು ಎದುರುಬದುರಾಗಿ ನಿಂತು ಕೈಗೆ ಕೈ ತಾಗಿಸಿ ಒಬ್ಬರನ್ನೊಬ್ಬರು ತಳ್ಳುವ ಅಭ್ಯಾಸದಲ್ಲಿ ಅವರ ಬೋಧೆ ವಿಚಿತ್ರವಾಗಿತ್ತು: ಮೊದಲು ಸೋಲುವುದನ್ನು ಕಲಿಯಬೇಕು, ಬಲಕ್ಕೆ ಬಲ ಒಡ್ಡುವವನು ಏನನ್ನೂ ಕಲಿಯಲಾರ. ಹಾಸಿಗೆ ಹಿಡಿದು ಎದ್ದವರ ಬಾಯಿಂದ ಬಂದ ಈ ಮಾತಿಗೆ ತೂಕವುಂಟು. 1975ರಲ್ಲಿ ತೈವಾನಿನಲ್ಲಿ ಅವರು ತೀರಿಕೊಂಡರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚೆಂಗ್ ಅವರು ಗುಣಹೊಂದಿದ ಮಾತ್ರಕ್ಕೆ ತಾಯ್ ಚಿ ಕ್ಷಯಕ್ಕೆ ಮದ್ದೆಂದು ಸಿದ್ಧವಾಗುವುದಿಲ್ಲ. ಇಂದು ಕ್ಷಯಕ್ಕೆ ಔಷಧಗಳಿವೆ. ಅವುಗಳನ್ನು ವೈದ್ಯರು ಹೇಳಿದಷ್ಟು ತಿಂಗಳು, ನಡುವೆ ಬಿಡದೆ, ಸೇವಿಸುವುದೇ ಮಾರ್ಗ. ತಾಯ್ ಚಿಯ ಪ್ರಯೋಜನ ಸ್ಪಷ್ಟವಾಗಿ ಕಂಡುಬಂದಿರುವುದು ಇನ್ನೊಂದು ಕಡೆ: ವಯಸ್ಸಾದವರು ಎಡವಿ ಬೀಳುವುದನ್ನು ಅದು ಕಡಿಮೆ ಮಾಡುತ್ತದೆಂದು ಸಂಶೋಧನೆಗಳು ತೋರಿಸಿವೆ. 2020ರಲ್ಲಿ ಯುನೆಸ್ಕೊ ಸಂಸ್ಥೆ ಈ ವಿದ್ಯೆಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಮನೆಯಲ್ಲಿ ಅಜ್ಜಿಯೊಬ್ಬರು ಜಾರಿ ಬಿದ್ದರೆ ಆ ಸಂಸಾರವೆಲ್ಲ ಎಷ್ಟು ದಿನ ಕುಂಟುವುದೆಂಬುದು ಗೃಹಸ್ಥರಿಗೆಲ್ಲ ತಿಳಿದದ್ದೇ. ನೆಲದ ಮೇಲೆ ನೆಟ್ಟಗೆ ನಿಲ್ಲುವುದನ್ನು ಕಲಿಸುವ ವಿದ್ಯೆ, ಪವಾಡವನ್ನು ಮಾಡದಿದ್ದರೂ, ಸಣ್ಣದಲ್ಲ.