ಹಳೆಯ ಗಣಕಯಂತ್ರಗಳಿಗೆ ಯಾವ ಲಿನಕ್ಸ್?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಹೊಸಪೇಟೆಯ ಅಂಗಡಿ-ಮಂಡಿಗಳಲ್ಲಿ, ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿ, ಸಂಡೂರಿನ ಅದಿರು ಸಾಗಣೆದಾರರ ಕಚೇರಿಗಳಲ್ಲಿ ಹಾಗೂ ಹಂಪಿಯ ಅತಿಥಿಗೃಹಗಳಲ್ಲಿ ಎಂಟು-ಹತ್ತು ವರ್ಷಗಳಿಂದ ದುಡಿಯುತ್ತಿರುವ ಗಣಕಯಂತ್ರಗಳು ಕಡಿಮೆಯೇನಲ್ಲ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದು ಅಥವಾ ಅದರ ನಂತರದ್ದಾಗಿರಬೇಕು. ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದದ್ದೇ 2017ರ ಉತ್ತರಾರ್ಧದಲ್ಲಿ. ಅದಕ್ಕೂ ಮೊದಲು ಕೊಂಡ ಯಂತ್ರವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅಧಿಕೃತವಾಗಿ ವಿಂಡೋಸ್ 11ಕ್ಕೆ ಏರಲಾರದು.

ಬೆಂಬಲ ನಿಂತ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಮರುದಿನವೂ ಅದು ಎಂದಿನಂತೆಯೇ ತೆರೆದುಕೊಳ್ಳುತ್ತದೆ. ಆದುದರಿಂದಲೇ ಅನೇಕರು ಈ ವಿಷಯವನ್ನು ಬದಿಗಿರಿಸಿದ್ದಾರೆ. ಆದರೆ ಬ್ಯಾಂಕಿನ ಆರ್‌ಟಿಜಿಎಸ್ ವ್ಯವಹಾರ, ಜಿಎಸ್‌ಟಿ ವಿವರಣಪಟ್ಟಿ, ಗ್ರಾಹಕರ ಬಾಕಿ ಲೆಕ್ಕ ಇವೆಲ್ಲವೂ ನಡೆಯುವುದು ಅದೇ ಯಂತ್ರದಲ್ಲಿ. 2017ರ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಹಬ್ಬಿದ ವನ್ನಾಕ್ರೈ ದಾಳಿಯು ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಆ ದೋಷಕ್ಕೆ ಬೇಕಾದ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಹೆಚ್ಚಾಗಿ ಸಿಲುಕಿದವರು ಅದನ್ನು ಅಳವಡಿಸಿಕೊಳ್ಳದಿದ್ದವರು. ಪರಿಷ್ಕರಣೆಯೇ ಬಾರದ ಯಂತ್ರದ ಸ್ಥಿತಿ ಅದಕ್ಕಿಂತ ಉತ್ತಮವಾಗಿರಲು ಕಾರಣವಿಲ್ಲ.

ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕಾಗುತ್ತದೆ. ಯಂತ್ರ ಜೋಡಿಸಿ ಕೊಡುವವರು ಪರವಾನಗಿಯಿಲ್ಲದ ವಿಂಡೋಸ್ ಹಾಗೂ ಆಫೀಸ್ ತಂತ್ರಾಂಶಗಳನ್ನು 'ಸೇರಿಸಿ' ಕೊಡುವ ಪದ್ಧತಿ ಎಲ್ಲೆಡೆಯೂ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸುವವರಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ವ್ಯಾಪಾರದ ಲಾಭಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯವು ರಿಯಾಯಿತಿ ತೋರಬಹುದು. ಆದರೆ ಗಿರಣಿಯ ಬಿಲ್ ಪುಸ್ತಕವನ್ನು ನಡೆಸುವ ಯಂತ್ರದ ವಿಷಯದಲ್ಲಿ ಆ ವಾದ ನಿಲ್ಲುವುದು ಕಷ್ಟ.

ಇಂತಹ ಸಂದರ್ಭದಲ್ಲಿ ಲಿನಕ್ಸ್ ಹೆಸರು ಮುಂದೆ ಬರುವುದು ಸಹಜ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ಪಡೆದು, ಬಳಸಿ, ಹಂಚಬಹುದು. ತೊಡಕು ಇರುವುದು ಆಯ್ಕೆಯಲ್ಲಿ. ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ, ಆರ್ಚ್ ಹೀಗೆ ನೂರಾರು ವಿತರಣೆಗಳಿವೆ. ಕಂಪ್ಲಿಯವರಿಗೆ ಇದನ್ನು ವಿವರಿಸುವುದು ಸುಲಭ: ಭತ್ತ ಒಂದೇ, ಗಿರಣಿ ಬೇರೆ, ಚೀಲದ ಮೇಲಿನ ಗುರುತು ಬೇರೆ. ಒಳಗಿನ ತಿರುಳು ಎಲ್ಲದರಲ್ಲಿಯೂ ಲಿನಕ್ಸೇ. ಅದರೊಂದಿಗೆ ಯಾವ ತಂತ್ರಾಂಶಗಳನ್ನು ಕೂಡಿಸುತ್ತಾರೆ, ಎಷ್ಟು ವರ್ಷ ಪರಿಷ್ಕರಣೆ ಕೊಡುತ್ತಾರೆ, ಹೊಸದನ್ನು ಎಷ್ಟು ಬೇಗ ಒಳಗೆ ಬಿಡುತ್ತಾರೆ ಎಂಬುದರಲ್ಲಿ ವ್ಯತ್ಯಾಸವಿದೆ.

ವರ್ತಕರ ದೃಷ್ಟಿಯಿಂದ ಮೊದಲು ಕೇಳಬೇಕಾದದ್ದು ಬೆಂಬಲದ ಅವಧಿಯನ್ನು. ಪರದೆಯ ಅಂದಚಂದ ಆಮೇಲಿನದು. ಫೆಡೋರಾದ ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ಪರಿಷ್ಕರಣೆ ದೊರೆಯುತ್ತದೆ. ಅದು ತಂತ್ರಜ್ಞರಿಗೆ ಪ್ರಿಯವಾದುದು, ಆದರೆ ವರ್ಷಕ್ಕೊಮ್ಮೆ ಕಚೇರಿಯ ಯಂತ್ರವನ್ನು ಬಿಚ್ಚಿ ಕುಳಿತುಕೊಳ್ಳಲು ಸಗಟು ವ್ಯಾಪಾರಿಗೆ ಪುರುಸೊತ್ತಿಲ್ಲ. ಆರ್ಚ್ ಎಂಬುದು ದಿನವೂ ಬದಲಾಗುತ್ತಿರುವ ವಿತರಣೆ. ಅದನ್ನು ಕಾಲೇಜಿಗೆ ಹೋಗುವ ಮಗ ತನ್ನ ಯಂತ್ರದಲ್ಲಿ ಹಾಕಿಕೊಳ್ಳಲಿ, ಗಲ್ಲಾಪೆಟ್ಟಿಗೆಯ ಬಳಿಗೆ ತರುವುದು ಬೇಡ. ಉಬುಂಟು ವಿತರಣೆಯ ಕೆನಾನಿಕಲ್ ಸಂಸ್ಥೆಯು ಎರಡು ವರ್ಷಗಳಿಗೊಮ್ಮೆ ಏಪ್ರಿಲ್‌ನಲ್ಲಿ ಎಲ್‌ಟಿಎಸ್ ಎಂಬ ದೀರ್ಘಾವಧಿ ಆವೃತ್ತಿಯನ್ನು ಹೊರತಂದು ಐದು ವರ್ಷ ಪರಿಷ್ಕರಣೆ ಕೊಡುತ್ತದೆ. 2006ರಲ್ಲಿ ಆರಂಭವಾದ ಲಿನಕ್ಸ್ ಮಿಂಟ್ ಈ ದೀರ್ಘಾವಧಿ ಆವೃತ್ತಿಯನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಉಬುಂಟು 24.04ನ್ನು ಆಧರಿಸಿದ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ.

ಬೆಂಬಲದ ಭರವಸೆಯೂ ಮುರಿಯಬಹುದೆಂಬುದಕ್ಕೆ ಸೆಂಟ್‌ಓಎಸ್ ಉದಾಹರಣೆ. ಅನೇಕ ಸಂಸ್ಥೆಗಳು ಸರ್ವರ್‌ಗಳಿಗೆ ನೆಚ್ಚಿಕೊಂಡಿದ್ದ ಈ ವಿತರಣೆಯ 8ನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿದೆಯೆಂದು ಎಣಿಸಲಾಗಿತ್ತು. 2020ರ ಡಿಸೆಂಬರ್‌ನಲ್ಲಿ ಹಠಾತ್ತನೆ ಪ್ರಕಟಣೆ ಹೊರಬಿದ್ದು 2021ರ ಅಂತ್ಯಕ್ಕೇ ಅದು ನಿಂತಿತು. ಅದರ ಸ್ಥಾನವನ್ನು ತುಂಬಲು ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ ಹುಟ್ಟಿಕೊಂಡವು ನಿಜ. ಆದರೂ ಒಂದೇ ಕಂಪೆನಿಯ ಇಚ್ಛೆಯ ಮೇಲೆ ನಿಂತ ವಿತರಣೆಗಿಂತ 1993ರಿಂದಲೂ ಸ್ವಯಂಸೇವಕರ ಸಮುದಾಯವೇ ನಡೆಸಿಕೊಂಡು ಬಂದಿರುವ ಡೆಬಿಯನ್ ಕಡತಗಳನ್ನು ಇಡುವ ಸರ್ವರ್‌ಗೆ ಹೆಚ್ಚು ಭದ್ರವಾದ ನೆಲೆ. ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ನನ್ನೇ ಆಧರಿಸಿ ಬಾಸ್ ಎಂಬ ಸ್ವದೇಶಿ ವಿತರಣೆಯನ್ನು ರೂಪಿಸಿದೆ. ಸ್ವದೇಶಿ ಎಂಬ ಅಭಿಮಾನ ಒಳ್ಳೆಯದೇ. ಆದರೆ ಸಮಸ್ಯೆ ಬಂದಾಗ ಅಂತರಜಾಲದಲ್ಲಿ ಉತ್ತರ ಹುಡುಕುವವನಿಗೆ ಉಬುಂಟು, ಮಿಂಟ್‌ಗಳ ವಿಷಯದಲ್ಲಿ ಸಿಗುವಷ್ಟು ನೆರವು ಅದರ ವಿಷಯದಲ್ಲಿ ಸಿಗುವುದಿಲ್ಲ.

ಹೀಗಾಗಿ ಈ ಭಾಗದ ಬಹುಪಾಲು ಕಚೇರಿಗಳಿಗೂ ಮನೆಗಳಿಗೂ ಮಿಂಟ್ ಸೂಕ್ತ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ ಹೀಗೆ ವಿಂಡೋಸ್ 7ನ್ನು ಬಳಸಿದ ಗುಮಾಸ್ತರಿಗೆ ಕೈ ತಪ್ಪುವುದಿಲ್ಲ. ನಾಲ್ಕು ಜಿಬಿ ಸ್ಮರಣೆಯ ಹಳೆಯ ಯಂತ್ರವಾದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೂ, ಎಂಟು ಜಿಬಿ ಇದ್ದರೆ ಸಿನಮನ್ ಆವೃತ್ತಿಯನ್ನೂ ಆರಿಸಿಕೊಳ್ಳಬಹುದು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಹೊಸ ಯಂತ್ರದ ಬೆಲೆಯ ಸಣ್ಣದೊಂದು ಭಾಗದಲ್ಲಿ ಇನ್ನೂ ಕೆಲವು ವರ್ಷಗಳ ದುಡಿಮೆ ದೊರೆಯುತ್ತದೆ. 32 ಬಿಟ್‌ನ ತೀರಾ ಹಳೆಯ ಯಂತ್ರಗಳ ಆಸೆಯನ್ನು ಬಿಡುವುದೇ ಲೇಸು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಿಂದ ಡೆಬಿಯನ್ ಕೂಡ ಅವುಗಳಿಗೆ ಅನುಸ್ಥಾಪನೆಯನ್ನು ಕೈಬಿಟ್ಟಿದೆ.

ಆದರೆ ಲೆಕ್ಕಪತ್ರದ ಯಂತ್ರದ ವಿಷಯದಲ್ಲಿ ಅವಸರ ಸಲ್ಲದು. 1986ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಟ್ಯಾಲಿ ಇಂದಿಗೂ ವಿಂಡೋಸ್‌ಗಾಗಿಯೇ ತಯಾರಾಗುವ ತಂತ್ರಾಂಶ. ವೈನ್ ಎಂಬ ಮಧ್ಯವರ್ತಿ ತಂತ್ರಾಂಶದ ಮೂಲಕ ಲಿನಕ್ಸ್‌ನಲ್ಲಿ ಅದನ್ನು ಓಡಿಸಿದವರಿದ್ದಾರೆ, ಹವ್ಯಾಸಕ್ಕೆ ಅದು ಸರಿ. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ ವಾರ್ಷಿಕ ವಿವರಣಪಟ್ಟಿಯ ಗಡುವಿನಿಂದ 72 ತಿಂಗಳು ಕಾಪಾಡಬೇಕಾದ ಲೆಕ್ಕಪತ್ರಗಳನ್ನು ಅಂತಹ ಏರ್ಪಾಡಿನ ಮೇಲೆ ಇಡುವುದು ವಿವೇಕವಲ್ಲ. ಖಾಸಗಿ ನಿಯಮಿತ ಕಂಪೆನಿಗಳಿಗಂತೂ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವೇ ಕಡ್ಡಾಯವಾಗಿದೆ. ಲೆಕ್ಕಪರಿಶೋಧಕರು ಅದರ ಬಗ್ಗೆ ವರದಿಯಲ್ಲಿ ಹೇಳಲೇಬೇಕು. ಆದುದರಿಂದ ನಾಲ್ಕು ಯಂತ್ರಗಳಿರುವ ಕಚೇರಿಯಲ್ಲಿ ಟ್ಯಾಲಿ ಇರುವ ಒಂದನ್ನು ಸರಿಯಾದ ಪರವಾನಗಿಯ ವಿಂಡೋಸ್ 11ರಲ್ಲಿ ಉಳಿಸಿಕೊಂಡು ಮಿಕ್ಕ ಮೂರನ್ನು ಲಿನಕ್ಸ್‌ಗೆ ಬದಲಾಯಿಸುವುದು ಕಾರ್ಯಸಾಧ್ಯವಾದ ಮಾರ್ಗ. ಟ್ಯಾಲಿಯ ಚಂದಾ ಚಾಲ್ತಿಯಲ್ಲಿದ್ದರೆ ಮಾಲೀಕರು ವರದಿಗಳನ್ನು ಬ್ರೌಸರ್‌ನಲ್ಲಿಯೇ ನೋಡಬಹುದು, ಅದಕ್ಕೆ ವಿಂಡೋಸ್ ಬೇಕಿಲ್ಲ. ಹೊಸದಾಗಿ ಉದ್ದಿಮೆ ಆರಂಭಿಸುವ ತಯಾರಕರು ಮುಂಬಯಿಯ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶವನ್ನು ಪರಿಶೀಲಿಸಬಹುದು. ಅದು ಲಿನಕ್ಸ್ ಸರ್ವರ್ ಮೇಲೆಯೇ ನಡೆಯುತ್ತದೆ, ದಾಸ್ತಾನು ಹಾಗೂ ತಯಾರಿಕೆಯ ಲೆಕ್ಕವನ್ನೂ ಒಳಗೊಂಡಿದೆ. ಆದರೆ ಅದನ್ನು ನಿಲ್ಲಿಸಿ ಕೊಡಲು ತಿಳಿದ ಕೈ ಬೇಕು.

ತೆರಿಗೆಯ ದೈನಂದಿನ ಕೆಲಸಗಳಲ್ಲಿ ಹೆಚ್ಚಿನವು ಬ್ರೌಸರ್‌ನಲ್ಲಿ ನಡೆಯುತ್ತವೆ. 50,000 ರೂಪಾಯಿ ಮೀರಿದ ಸರಕಿಗೆ ತೆಗೆಯುವ ಇ-ವೇ ಬಿಲ್, ಜಿಎಸ್‌ಟಿಆರ್-3ಬಿ, ತೆರಿಗೆ ಪಾವತಿ ಇವುಗಳಿಗೆ ಫೈರ್‌ಫಾಕ್ಸ್ ಅಥವಾ ಕ್ರೋಮ್ ಸಾಕು. ಹಂಪಿಯ ಅತಿಥಿಗೃಹಗಳವರು ವಿದೇಶಿ ಅತಿಥಿ ಬಂದ 24 ಗಂಟೆಗಳೊಳಗೆ ಸಲ್ಲಿಸಬೇಕಾದ ವಿವರವೂ ಅಂತರಜಾಲದ ಮೂಲಕವೇ ಹೋಗುತ್ತದೆ. ಕೋಣೆಯ ಕಾದಿರಿಸುವಿಕೆಯೂ ಹಾಗೆಯೇ. ನಿಜಕ್ಕೂ ಲಿನಕ್ಸ್‌ಗೆ ಪೂರ್ಣವಾಗಿ ಬದಲಾಗಲು ಈ ನಾಲ್ಕೂ ಊರುಗಳಲ್ಲಿ ಅತ್ಯಂತ ಅನುಕೂಲವಿರುವುದು ಹಂಪಿಯ ಈ ವರ್ಗಕ್ಕೆ. ತೊಂದರೆ ಬರುವುದು ಎಕ್ಸೆಲ್ ಮ್ಯಾಕ್ರೋಗಳನ್ನು ನಂಬಿದ ಸಲಕರಣೆಗಳಲ್ಲಿ. ಇ-ವೇ ಬಿಲ್‌ಗಳನ್ನು ರಾಶಿಯಾಗಿ ತಯಾರಿಸುವ ಎಕ್ಸೆಲ್ ಹಾಳೆ ಲಿಬ್ರೆಆಫೀಸ್‌ನಲ್ಲಿ ಸರಿಯಾಗಿ ನಡೆಯುವುದೆಂದು ನೆಚ್ಚುವಂತಿಲ್ಲ. ದಿನಕ್ಕೆ ಹತ್ತಾರು ಲಾರಿಗಳನ್ನು ಕಳುಹಿಸುವ ಸಂಡೂರಿನ ಸಾಗಣೆದಾರರು ಇದನ್ನು ಮೊದಲೇ ಗಮನಿಸಬೇಕು. ಕಂಪೆನಿಗಳು ಹಾಗೂ ಎಲ್‌ಎಲ್‌ಪಿಗಳು ಜಿಎಸ್‌ಟಿಗೆ ಡಿಜಿಟಲ್ ಸಹಿ ಹಾಕಬೇಕಾದುದರಿಂದ, ತಮ್ಮ ಸಹಿಯ ಟೋಕನ್‌ಗೆ ಲಿನಕ್ಸ್ ಚಾಲಕ ತಂತ್ರಾಂಶವಿದೆಯೇ ಎಂದು ಕೊಟ್ಟವರನ್ನೇ ಕೇಳಬೇಕು. ಏಕವ್ಯಕ್ತಿ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ ದೂರವಾಣಿಗೆ ಬರುವ ಓಟಿಪಿ ಸಾಕು.

ಮುದ್ರಕಗಳ ಕಥೆ ಸ್ವಲ್ಪ ಬೇರೆ. ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳು, ಎಚ್‌ಪಿಯ ಬಹುಪಾಲು ಲೇಸರ್ ಮುದ್ರಕಗಳು ಲಿನಕ್ಸ್‌ನಲ್ಲಿ ನಡೆಯುತ್ತವೆ. ಆದರೆ ಸಣ್ಣ ಕಚೇರಿಗಳ ಅಚ್ಚುಮೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಮುದ್ರಕವನ್ನು ಲಿನಕ್ಸ್‌ಗೆ ಒಗ್ಗಿಸುವುದು ಪ್ರಯಾಸದ ಕೆಲಸ. ಹಲವರು ಲಿನಕ್ಸ್ ಬಿಟ್ಟು ಹಿಂದಿರುಗುವುದಕ್ಕೆ ಇಂತಹ ಕ್ಷುಲ್ಲಕವೆನಿಸುವ ಕಾರಣಗಳೇ ಸಾಕಾಗುತ್ತವೆ. ವೇಬ್ರಿಡ್ಜ್‌ನ ಯಂತ್ರವನ್ನಂತೂ ಮುಟ್ಟದಿರುವುದು ಒಳ್ಳೆಯದು. ತೂಕದ ಅಂಕಿಯನ್ನು ಸೀರಿಯಲ್ ಕೇಬಲ್ ಮೂಲಕ ಪಡೆಯುವ ತಂತ್ರಾಂಶವನ್ನು ಮಾರಾಟಗಾರರು ಸಾಮಾನ್ಯವಾಗಿ ವಿಂಡೋಸ್‌ಗೆ ಮಾತ್ರ ಕೊಡುತ್ತಾರೆ. ಅದನ್ನು ಅಂತರಜಾಲದಿಂದ ಬೇರ್ಪಡಿಸಿ ತೂಕಕ್ಕಷ್ಟೇ ಬಳಸಿದರೆ ಅಪಾಯ ಬಹಳ ಕಡಿಮೆ.

ಕನ್ನಡದ ವಿಷಯದಲ್ಲಿ ಹಳೆಯ ಭಯ ಈಗ ಬೇಕಿಲ್ಲ. ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ವಿನ್ಯಾಸವು ಉಬುಂಟು, ಮಿಂಟ್, ಡೆಬಿಯನ್‌ಗಳ ಕೀಲಿಮಣೆ ಪಟ್ಟಿಯಲ್ಲಿಯೇ ಸೇರಿದೆ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳೂ ಲೋಹಿತ್ ಅಕ್ಷರಶೈಲಿಯೂ ದೊರೆಯುತ್ತವೆ. ಆದರೆ ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಕರಾರುಪತ್ರಗಳು, ಬಾಡಿಗೆ ಚೀಟಿಗಳು ಹೊಸ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ. ಹಳೆಯ ಯಂತ್ರವನ್ನು ಅಳಿಸುವ ಮುನ್ನವೇ ಆ ಕೆಲಸ ಮುಗಿಯಬೇಕು.

ಮನೆಯ ಯಂತ್ರಕ್ಕೆ ಇಷ್ಟೆಲ್ಲ ಲೆಕ್ಕಾಚಾರ ಬೇಕಿಲ್ಲ. ನೆರೆಯ ಕೇರಳವು ಸರ್ಕಾರಿ ಶಾಲೆಗಳ ಗಣಕ ಶಿಕ್ಷಣವನ್ನು ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆಸುತ್ತಿದೆ. ಅಲ್ಲಿನ ಮಕ್ಕಳಿಗೆ ಸಾಧ್ಯವಾದುದು ಇಲ್ಲಿನ ಮಕ್ಕಳಿಗೆ ಕಠಿಣವಾಗಬೇಕಿಲ್ಲ. ಮನೆಯಲ್ಲಿಯೂ ಕಚೇರಿಯಲ್ಲಿಯೂ ಒಂದೇ ವಿತರಣೆ ಇದ್ದರೆ ಒಂದೆಡೆ ಕಲಿತದ್ದು ಇನ್ನೊಂದೆಡೆ ಉಪಯೋಗಕ್ಕೆ ಬರುತ್ತದೆ ಎಂಬುದು ಸಣ್ಣ ಲಾಭವೇನಲ್ಲ.

ಜರ್ಮನಿಯ ಮ್ಯೂನಿಕ್ ನಗರಾಡಳಿತವು 2003ರಲ್ಲಿ ಲಿನಕ್ಸ್‌ಗೆ ಬದಲಾಗಲು ನಿರ್ಧರಿಸಿ, 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅದನ್ನು ಲಿನಕ್ಸ್‌ನ ಸೋಲೆಂದು ಉದ್ಧರಿಸುವವರು ಅನೇಕರು. ಆ ನಿರ್ಧಾರದ ಹಿಂದೆ ರಾಜಕೀಯವೂ ಇತ್ತು, ಸಿಬ್ಬಂದಿಯ ಅಸಮಾಧಾನವೂ ಇತ್ತು. ವರ್ತಕರಿಗೆ ಇದರಿಂದ ತಿಳಿಯುವುದೆಂದರೆ ದಿನವೂ ಯಂತ್ರದ ಮುಂದೆ ಕುಳಿತುಕೊಳ್ಳುವವರನ್ನು ಕೇಳದೆ ಬದಲಾವಣೆ ಮಾಡಬಾರದು ಎಂಬುದು. ಬಿಲ್ಲು ಬರೆಯುವ ಗುಮಾಸ್ತನಿಗೆ ಮೊದಲ ವಾರ ಬೇಸರವಾದರೆ ಮಾಲೀಕರ ಉತ್ಸಾಹ ಹೆಚ್ಚು ದಿನ ಉಳಿಯದು.

ಉಳಿದಿರುವ ಪ್ರಶ್ನೆ ದುರಸ್ತಿಯದು. ತಂತ್ರಾಂಶಕ್ಕೆ ಬೆಲೆಯಿಲ್ಲದಿದ್ದರೂ ಅದನ್ನು ನೋಡಿಕೊಳ್ಳುವವನ ಶ್ರಮಕ್ಕೆ ಬೆಲೆಯಿದೆ. ವಿಂಡೋಸ್ ಕೆಟ್ಟರೆ ಪೇಟೆಯಲ್ಲಿ ಹತ್ತು ಜನ ಸಿಗುತ್ತಾರೆ, ಲಿನಕ್ಸ್ ಬಲ್ಲವರು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹತ್ತು-ಹದಿನೈದು ಸಂಸ್ಥೆಗಳು ಕೂಡಿ ಒಬ್ಬ ತಂತ್ರಜ್ಞನಿಗೆ ವಾರ್ಷಿಕ ನಿರ್ವಹಣಾ ಗುತ್ತಿಗೆ ಕೊಟ್ಟರೆ, ಎಲ್ಲರೂ ಒಂದೇ ವಿತರಣೆಯನ್ನು ಬಳಸಿದರೆ, ಖರ್ಚು ಹಂಚಿಹೋಗುತ್ತದೆ. ವಿತರಣೆ ಯಾವುದೆಂಬ ವಾದವನ್ನು ಆ ತಂತ್ರಜ್ಞನ ಅನುಭವಕ್ಕೆ ಬಿಡುವುದೂ ತಪ್ಪಲ್ಲ. ಆತ ಉಬುಂಟುವನ್ನೇ ಬಲ್ಲವನಾದರೆ ಉಬುಂಟುವೇ ಸರಿ. ವಾಣಿಜ್ಯ ಮಂಡಳಿಗಳು ಈ ಬಗೆಯ ಒಪ್ಪಂದಕ್ಕೆ ಮಧ್ಯಸ್ಥಿಕೆ ವಹಿಸಬಹುದು. ತರಬೇತಿ ಶಿಬಿರಗಳ ಉದ್ಘಾಟನಾ ಭಾಷಣಗಳಿಗಿಂತ ಅದು ಹೆಚ್ಚು ಪ್ರಯೋಜನಕಾರಿ.

ಆರಂಭಿಸುವವರು ಪೆನ್ ಡ್ರೈವ್‌ನಿಂದಲೇ ಮಿಂಟ್ ತೆರೆದು, ಡಿಸ್ಕಿನಲ್ಲಿ ಏನನ್ನೂ ಅಳಿಸದೆ, ಮುದ್ರಕ, ವೈಫೈ, ಸ್ಕ್ಯಾನರ್, ಟೋಕನ್ ಇವು ಸ್ಪಂದಿಸುತ್ತವೆಯೇ ಎಂದು ಒಂದು ಮಧ್ಯಾಹ್ನ ಪರೀಕ್ಷಿಸಬಹುದು. ನಿಜವಾದ ಬದಲಾವಣೆಯನ್ನು ತಿಂಗಳ 20ನೆಯ ತಾರೀಖು ಕಳೆದು ಜಿಎಸ್‌ಟಿಆರ್-3ಬಿ ಸಲ್ಲಿಕೆಯಾದ ಮೇಲೆ ಮಾಡಬೇಕು. ಮಾರ್ಚ್ ಹಾಗೂ ಸೆಪ್ಟೆಂಬರ್ ತಿಂಗಳುಗಳನ್ನು ಬಿಟ್ಟುಬಿಡಬೇಕು. ಅದಕ್ಕೂ ಮುನ್ನ ಟ್ಯಾಲಿಯ ದತ್ತಾಂಶ, ಬಿಲ್ಲುಗಳ ಪ್ರತಿಗಳು, ಹಳೆಯ ಇಮೇಲ್‌ಗಳು ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲಾಗಿರಬೇಕು. ಅವುಗಳಲ್ಲಿ ಒಂದು ಕಚೇರಿಯಿಂದ ಹೊರಗೆ, ಮಾಲೀಕರ ಮನೆಯ ಕಪಾಟಿನಲ್ಲಿರಬೇಕು.