ದಿನಸಿ ಪಟ್ಟಿಯಲ್ಲಿ ಕಾಯಿಲೆಯ ಹೆಸರೇಕೆ?

ಕಳೆದ ತಿಂಗಳು ಒಂದು ಸಂಜೆ, ರೋಗಿಗಳೆಲ್ಲ ಹೊರಟುಹೋದ ಮೇಲೆ, ನಮ್ಮ ಬಡಾವಣೆಯ ಯುವ ದಂಪತಿ ಕ್ಲಿನಿಕ್ಕಿಗೆ ಬಂದರು. ಕಾಯಿಲೆ ಏನೂ ಇರಲಿಲ್ಲ. ಅವರು ಸಾವಯವ ದಿನಸಿ ಅಂಗಡಿ ಇಟ್ಟು ಎರಡು ವರ್ಷವಾಗಿದೆ. ಸುತ್ತಲಿನ ಹಳ್ಳಿಗಳ ಹತ್ತು ಹನ್ನೆರಡು ರೈತರಿಂದ ಅಕ್ಕಿ, ರಾಗಿ, ನವಣೆ, ಬೇಳೆ, ಬೆಲ್ಲ, ಗಾಣದ ಎಣ್ಣೆ ತಂದು ಮಾರುತ್ತಾರೆ. ಈಗ ಮೊಬೈಲಿನಲ್ಲೇ ಆರ್ಡರ್ ಪಡೆದು ಮನೆಮನೆಗೆ ತಲುಪಿಸುವ ಏರ್ಪಾಡು ಮಾಡಬೇಕೆಂದಿದ್ದಾರೆ. ಅದರ ರೂಪರೇಷೆಯನ್ನು ಆರು ಹಾಳೆಗಳಲ್ಲಿ ಬರೆದು ತಂದಿದ್ದರು. "ಒಂದ್ಸಲ ನೋಡಿ ಡಾಕ್ಟ್ರೇ, ನಿಮ್ಮ ಸಲಹೆ ಅಂತ ಎರಡು ಸಾಲು ಹಾಕ್ಕೊಳ್ತೀವಿ" ಎಂದ ಹುಡುಗ.

ಎರಡನೆಯ ಹಾಳೆಯಲ್ಲೇ ನನ್ನ ಕಣ್ಣು ನಿಂತಿತು. ಗಿರಾಕಿ ಅಂಗಡಿಯ ಪುಟ ತೆರೆದ ಕೂಡಲೇ ಕಾಣಬೇಕಾದ ವಿಭಾಗಗಳನ್ನು ಅಲ್ಲಿ ಬರೆದಿದ್ದರು. ಅಕ್ಕಿ, ಬೇಳೆ, ಎಣ್ಣೆ ಇವುಗಳ ಕೆಳಗೇ 'ಸಕ್ಕರೆ ಕಾಯಿಲೆಗೆ', 'ಬಿ.ಪಿ.ಗೆ', 'ಥೈರಾಯ್ಡ್‌ಗೆ', 'ಕೀಲು ನೋವಿಗೆ' ಎಂಬ ನಾಲ್ಕು ವಿಭಾಗಗಳು. ನನ್ನ ಹೆಸರು ಸೇರಬೇಕಾಗಿದ್ದುದೂ ಅಲ್ಲಿಯೇ. ಆಗುವುದಿಲ್ಲಪ್ಪ ಎಂದೆ. ಇಬ್ಬರ ಮುಖವೂ ಸಪ್ಪಗಾಯಿತು.

ನನ್ನ ಹಟಕ್ಕೆ ಕಾರಣವಿದೆ. ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಹನ್ನೊಂದು ವರ್ಷದಿಂದ ನನ್ನ ಬಳಿ ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರು. ನಾಲ್ಕು ತಿಂಗಳು ಪತ್ತೆಯಿಲ್ಲ. ಆಮೇಲೆ ಕಾಲಿನ ಬೆರಳಿನ ಹುಣ್ಣು ತೋರಿಸಲು ಬಂದಾಗ ಖಾಲಿ ಹೊಟ್ಟೆಯ ಸಕ್ಕರೆ 286 ಇತ್ತು. ಮಗ ದೂರದ ಊರಿನಿಂದ ಯಾವುದೋ ಅಂಗಡಿಯಲ್ಲಿ ಆನ್‌ಲೈನ್ ಆರ್ಡರ್ ಮಾಡಿ ತಿಂಗಳು ತಿಂಗಳೂ ನವಣೆ ಉಂಡೆ ಕಳಿಸುತ್ತಿದ್ದ. ಡಬ್ಬಿಯ ಮೇಲೆ ಸಾವಯವ ಎಂದಿತ್ತು. ಆರ್ಡರ್ ಮಾಡುವ ಪುಟದಲ್ಲಿ ಅದು ಇದ್ದದ್ದು ಮಧುಮೇಹಿಗಳ ವಿಭಾಗದಲ್ಲಿ. ಮೇಷ್ಟ್ರು ದಿನಕ್ಕೆ ಮೂರು ಉಂಡೆ ತಿಂದು, "ಇದೇ ಔಷಧಿಯಲ್ಲವೇ" ಎಂದು ಮಾತ್ರೆ ನಿಲ್ಲಿಸಿದ್ದರು. ಹುಣ್ಣು ಮಾಯಲು ಏಳು ವಾರ ಹಿಡಿಯಿತು. ಬೆರಳು ಉಳಿದದ್ದು ಅವರ ಪುಣ್ಯ.

ಉಂಡೆಯಲ್ಲಿ ವಿಷವೇನೂ ಇರಲಿಲ್ಲ. ನವಣೆ ಒಳ್ಳೆಯ ಧಾನ್ಯ. ಪಾಲಿಷ್ ಮಾಡಿದ ಅಕ್ಕಿಗಿಂತ ಅದರಲ್ಲಿ ನಾರು ಹೆಚ್ಚು. ಆದರೂ ನೂರು ಗ್ರಾಂ ನವಣೆಯಲ್ಲಿ ಸುಮಾರು 60 ಗ್ರಾಂ ಪಿಷ್ಟವೇ. ಬೆಲ್ಲದ ಕಥೆಯಂತೂ ಇನ್ನೂ ಸರಳ. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲರಿ ಇದ್ದರೆ ಬೆಲ್ಲದಲ್ಲಿ 380ರ ಆಸುಪಾಸು. ಗೊಬ್ಬರ ಯಾವುದು ಹಾಕಿದರು ಎಂಬುದು ಮೇದೋಜೀರಕ ಗ್ರಂಥಿಗೆ ತಿಳಿಯುವುದಿಲ್ಲ. ಸಾವಯವ ಎಂಬ ಪದ ಬೆಳೆದ ರೀತಿಯನ್ನು ಹೇಳುತ್ತದೆ, ತಿಂದವರಿಗೆ ಏನಾಗುತ್ತದೆಂದು ಹೇಳುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಆಹಾರ ಪದಾರ್ಥವೊಂದು ರೋಗವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಅನುಮತಿಯಿಲ್ಲದೆ ಸಾರುವುದು 2018ರ ಜಾಹೀರಾತು ನಿಯಮಗಳಿಗೆ ವಿರುದ್ಧ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿಯವರೆಗೆ ದಂಡವಿದೆ. ನಾವು ಬರೀ ವಿಭಾಗ ಮಾಡಿದ್ದೇವೆ, ಗುಣವಾಗುತ್ತದೆ ಎಂದು ಎಲ್ಲೂ ಬರೆದಿಲ್ಲವಲ್ಲ ಎಂದು ಹುಡುಗ ವಾದಿಸಿದ. ವಕೀಲರ ಮಾತು ಅದು. ಸಕ್ಕರೆ ಕಾಯಿಲೆಯವನು ಆ ಹೆಸರು ಒತ್ತಿದಾಗ ಅವನಿಗೆ ಕೇಳಿಸುವುದು ವೈದ್ಯರ ಮಾತು.

ಹಾಗಾದರೆ ಪರದೆಯ ಮೇಲೆ ಏನಿರಬೇಕು? ಹಳೆಯ ದಿನಸಿ ಅಂಗಡಿಯನ್ನು ನೆನೆಸಿಕೊಳ್ಳಿ. ನಮ್ಮ ತಾಯಂದಿರು ಬೇಳೆಯನ್ನು ಅಂಗೈಗೆ ಹಾಕಿಸಿಕೊಂಡು ನೋಡುತ್ತಿದ್ದರು, ಕಡಲೆಕಾಯಿ ಬೀಜವನ್ನು ಬಾಯಿಗೆ ಹಾಕಿಕೊಂಡು ಕಮಟು ಇದೆಯೇ ಎಂದು ತಿಳಿಯುತ್ತಿದ್ದರು, ಹಿಟ್ಟನ್ನು ಮೂಸುತ್ತಿದ್ದರು. ಮೊಬೈಲಿಗೆ ಮೂಗಿಲ್ಲ. ಆ ಮೂಗಿನ ಕೆಲಸವನ್ನು ಅಂಗಡಿಯವರು ಅಕ್ಷರದಲ್ಲಿ ಮಾಡಿಕೊಡಬೇಕು. ಅದರಲ್ಲಿ ಮುಖ್ಯವಾದದ್ದು ತಾರೀಕು. ಆನ್‌ಲೈನ್ ಮಾರಾಟದಲ್ಲಿ ಬೆಲೆ, ತೂಕ, ತಯಾರಕರ ವಿಳಾಸ ಇವನ್ನೆಲ್ಲ ತೋರಿಸಲೇಬೇಕೆಂದು 2018ರ ಜನವರಿಯಿಂದ ತೂಕ ಮತ್ತು ಅಳತೆಯ ನಿಯಮಗಳು ಹೇಳಿದವು. ತಯಾರಾದ ತಿಂಗಳು, ವರ್ಷಕ್ಕೆ ಮಾತ್ರ ಅಲ್ಲಿ ವಿನಾಯಿತಿ ಕೊಟ್ಟವು! ವೈದ್ಯನಾದ ನನಗೆ ಬೇಕಾದದ್ದೇ ಅದು. ಪಾಲಿಷ್ ಮಾಡದ ಅಕ್ಕಿ, ಸಿರಿಧಾನ್ಯದ ಹಿಟ್ಟು, ಇವುಗಳಲ್ಲಿ ತೌಡಿನ ಎಣ್ಣೆಯ ಅಂಶ ಇರುವುದರಿಂದ ಬೇಗ ಕೆಡುತ್ತವೆ. ಸಜ್ಜೆ ಹಿಟ್ಟು ನಮ್ಮ ಬೇಸಿಗೆಯಲ್ಲಿ ವಾರ ಕಳೆದರೆ ಕಹಿಯಾಗುತ್ತದೆ. ಹಾಗಾಗಿ ಹಿಟ್ಟನ್ನು ಆರ್ಡರ್ ಬಂದ ಮೇಲೆಯೇ ಬೀಸಿಸಿ, ಬೀಸಿದ ದಿನ ಬರೆದು ಕಳಿಸಿ ಎಂದೆ. ಮಾಲು ಮನೆ ತಲುಪುವಾಗ ಅದರ ಬಾಳಿಕೆಯ ಅವಧಿಯಲ್ಲಿ ಶೇಕಡ 30 ಭಾಗ ಅಥವಾ 45 ದಿನ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಆನ್‌ಲೈನ್ ವ್ಯಾಪಾರಿಗಳಿಗೆ ತಿಳಿಸಿದೆ. ಇದು ಅವರಿಬ್ಬರಿಗೂ ಗೊತ್ತಿರಲಿಲ್ಲ.

ಪ್ರಮಾಣಪತ್ರದ ವಿಷಯದಲ್ಲಿ ಅವರಿಗೇ ನನಗಿಂತ ಹೆಚ್ಚು ತಿಳಿದಿದೆ. 2017ರ ಸಾವಯವ ಆಹಾರ ನಿಯಮಗಳು, ಜೈವಿಕ್ ಭಾರತ್ ಗುರುತು, ರೈತರ ಗುಂಪೇ ಪರಸ್ಪರ ಹೊಲ ನೋಡಿ ಖಾತ್ರಿ ಕೊಡುವ ಪಿ.ಜಿ.ಎಸ್. ಪದ್ಧತಿ, ಎಲ್ಲವನ್ನೂ ಆ ಹುಡುಗಿ ಪಟಪಟನೆ ಹೇಳಿದಳು. ಪ್ರಮಾಣಪತ್ರವಿಲ್ಲದ ರೈತನ ಮಾಲಿಗೆ ಆ ಹೆಸರು ಹಚ್ಚದೆ, ಅವನು ಹೇಗೆ ಬೆಳೆದ ಎಂಬುದನ್ನಷ್ಟೇ ಬರೆಯಮ್ಮ ಎಂದೆ. ಒಪ್ಪಿದಳು. ಸೊಪ್ಪಿನ ಬಗ್ಗೆ ಒಂದು ಸಾಲು ಸೇರಿಸಲು ಹೇಳಿದೆ. ಕೀಟನಾಶಕ ಹೊಡೆದಿಲ್ಲವೆಂದು ಜನ ಸೊಪ್ಪನ್ನು ಸರಿಯಾಗಿ ತೊಳೆಯುವುದಿಲ್ಲ. ಕೊಟ್ಟಿಗೆ ಗೊಬ್ಬರದಿಂದ ಬರುವ ರೋಗಾಣುವಿಗೆ ಸಾವಯವ, ಸಾವಯವವಲ್ಲದ ಎಂಬ ಭೇದವಿಲ್ಲ. ಹಾಗೆಯೇ ಜೇನುತುಪ್ಪದ ಚಿತ್ರದ ಕೆಳಗೆ, ಒಂದು ವರ್ಷದೊಳಗಿನ ಮಗುವಿಗೆ ನೆಕ್ಕಿಸಬಾರದು ಎಂದು ದಪ್ಪ ಅಕ್ಷರದಲ್ಲಿ ಇರಲಿ. ಬಾಟ್ಯುಲಿಸಂ ಎಂಬ ಅಪರೂಪದ, ಆದರೆ ಪ್ರಾಣಕ್ಕೇ ಎರವಾಗಬಲ್ಲ ಕಾಯಿಲೆ ಬರುವ ಭಯವಿದೆ.

ಐದನೆಯ ಹಾಳೆಯಲ್ಲಿ ಒಂದು ಸಣ್ಣ ಸಾಲಿತ್ತು: ಕೇಳಿದ ಪದಾರ್ಥ ಮುಗಿದಿದ್ದರೆ ಅದರ ಬದಲಿಗೆ ಹತ್ತಿರದ ಪದಾರ್ಥ ಕಳಿಸುವುದು. ಅಕ್ಕಿಯಲ್ಲಾದರೆ ಚಿಂತೆಯಿಲ್ಲ. ಉಪ್ಪಿನಲ್ಲಿ ಹೀಗಾದರೆ? ಗರ್ಭಿಣಿಯೊಬ್ಬಳು ಅಯೋಡಿನ್ ಉಪ್ಪು ಕೇಳಿ, ಸೈಂಧವ ಲವಣ ಬಂದರೆ, ಮತ್ತು ಮನೆಯಲ್ಲಿ ಅದೇ ರೂಢಿಯಾದರೆ, ಹುಟ್ಟುವ ಮಗುವಿನ ಮಿದುಳಿನ ಬೆಳವಣಿಗೆಯ ಪ್ರಶ್ನೆ ಅದು. ಅಯೋಡಿನ್ ಸೇರಿಸದ ಸಾಮಾನ್ಯ ಉಪ್ಪನ್ನು ನೇರ ಸೇವನೆಗೆ ಮಾರಬಾರದೆಂದು 2006ರ ಮೇ ತಿಂಗಳಿನಿಂದ ದೇಶದಾದ್ಯಂತ ನಿಷೇಧವಿರುವುದು ಸುಮ್ಮನೆ ಅಲ್ಲ. ಗಳಗಂಡವನ್ನು ನಮ್ಮ ಮಲೆನಾಡಿನ ಜನ ಕಣ್ಣಾರೆ ಕಂಡಿದ್ದಾರೆ. ಇನ್ನು ಸೋಡಿಯಂ ಕಡಿಮೆ ಇರುವ ಉಪ್ಪು. ಅದರಲ್ಲಿ ಸೋಡಿಯಂ ಜಾಗದಲ್ಲಿ ಪೊಟ್ಯಾಸಿಯಂ ಇರುತ್ತದೆ. ಹಲವರಿಗೆ ಅದರಿಂದ ರಕ್ತದೊತ್ತಡ ಇಳಿಯಬಹುದು. ಮೂತ್ರಪಿಂಡ ಸೋತವರಿಗೆ, ಬಿ.ಪಿ.ಯ ಕೆಲವು ಮಾತ್ರೆ ನುಂಗುವವರಿಗೆ ಅದೇ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವೇ ತಪ್ಪಬಹುದು. ಇದನ್ನು ಗಿರಾಕಿಯನ್ನು ಕೇಳದೆ ಬದಲಿಯಾಗಿ ಕಳಿಸುವುದು ಹುಡುಗಾಟದ ಮಾತಲ್ಲ. 'ಬದಲಿ ಬೇಡ' ಎಂಬುದು ತಾನಾಗಿಯೇ ಇರಬೇಕು. ಬೇಕೆನ್ನುವವರು ಬೇಕೆಂದು ಒತ್ತಲಿ.

ಇಷ್ಟೆಲ್ಲ ಆಕ್ಷೇಪಿಸಿದೆನಾದರೂ ನಾನು ಈ ಏರ್ಪಾಡಿನ ವಿರೋಧಿಯಲ್ಲ. ನಿಜ ಹೇಳಬೇಕೆಂದರೆ, ಬಿಡಿ ಮಾರಾಟದ ಅಂಗಡಿಯಲ್ಲಿ ಸಾಧ್ಯವೇ ಇಲ್ಲದ ಒಂದು ಕೆಲಸ ಇದರಲ್ಲಿ ಸಾಧ್ಯ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತು, ಕಾಲು ಬಾತು ಉಸಿರು ಕಟ್ಟಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಚಿಲ್ಲರೆ ಎಣ್ಣೆಯನ್ನು ಯಾರು ಯಾರು ಒಯ್ದರೆಂದು ಬರೆದಿಡುವ ಅಂಗಡಿ ಎಲ್ಲಿದೆ? ಆನ್‌ಲೈನ್ ಆರ್ಡರಿನಲ್ಲಿ ಪ್ರತಿ ಪೊಟ್ಟಣದ ಲೆಕ್ಕವೂ ಇರುತ್ತದೆ. ಇಂಥ ರೈತನ, ಇಂಥ ದಿನದ ಮೂಟೆ ಎಂದು ಒಂದು ಸಂಖ್ಯೆ ಕೊಟ್ಟು ಬಿಲ್ಲಿನ ಮೇಲೆ ಮುದ್ರಿಸಿದರೆ ಸಾಕು. ಕಡಲೆಕಾಯಿ ಬೀಜದಲ್ಲಿ ಬೂಷ್ಟು ಕಂಡಿತೆಂದು ಒಬ್ಬರು ದೂರು ಕೊಟ್ಟರೆ, ಅದೇ ಮೂಟೆಯ ಮಾಲು ಒಯ್ದ ನಲವತ್ತು ಮನೆಗೂ ಒಂದು ಗಂಟೆಯಲ್ಲಿ ಫೋನು ಹೋಗಬಹುದು. ಆ ಬೂಷ್ಟಿನ ಅಫ್ಲಟಾಕ್ಸಿನ್ ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಆರು ಹಾಳೆಗಳಲ್ಲಿ ಈ ಸಂಖ್ಯೆಯ ಸುದ್ದಿಯೇ ಇರಲಿಲ್ಲ. ಬದಲಿಗೆ, ಹೆಸರು ನೋಂದಾಯಿಸುವಾಗ ಮನೆಯವರಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಕೇಳುವ ಅರ್ಜಿಯಿತ್ತು! ನನ್ನ ರೋಗಿಯ ಕಾಯಿಲೆಯನ್ನು ಅವರ ಅಣ್ಣತಮ್ಮಂದಿರಿಗೂ ನಾನು ಹೇಳುವುದಿಲ್ಲ. ದಿನಸಿ ಅಂಗಡಿಗೇಕೆ ಅದು? ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಬೇರೆ ಕಾಯ್ದೆಯೇ ಬಂದಿದೆ. ಕಡಲೆಕಾಯಿ, ಎಳ್ಳು, ಗೋಧಿ ಯಾವುದಾದರೂ ಒಗ್ಗದಿದ್ದರೆ ತಿಳಿಸಿ ಎಂದು ಕೇಳಿದರೆ ಸಾಕು.

ಹುಡುಗಿ ಪೆನ್ನು ತೆಗೆದು ಕಾಯಿಲೆಯ ನಾಲ್ಕು ಹೆಸರುಗಳ ಮೇಲೂ ಗೀಟು ಎಳೆದಳು. ಹುಡುಗನಿಗೆ ಪೂರ್ತಿ ಸಮಾಧಾನವಾಗಿಲ್ಲ. ಬೇರೆಯವರೆಲ್ಲ ಹಾಕಿಕೊಂಡಿದ್ದಾರೆ, ನಮಗೇ ನಷ್ಟ ಎಂದು ಬಾಗಿಲವರೆಗೂ ಹೇಳುತ್ತಲೇ ಹೋದ. ಮೊಬೈಲು ಬಾರದ ವಯಸ್ಸಾದವರಿಗೆ ಫೋನಿನಲ್ಲೇ ಪಟ್ಟಿ ಹೇಳುವ ಅವಕಾಶ ಇರಲಿ ಎಂದಾಗ ಮಾತ್ರ ತಲೆಯಾಡಿಸಿದ. ಮೇಷ್ಟ್ರು ಈಗ ಮಾತ್ರೆ ತಪ್ಪಿಸುತ್ತಿಲ್ಲ. ಉಂಡೆ ಬೇಕೆಂದು ಹಟ ಹಿಡಿದಿದ್ದಾರೆ. ವಾರಕ್ಕೊಂದು, ಅದೂ ಊಟದಲ್ಲಿ ಒಂದು ಮುದ್ದೆ ಕಡಿಮೆ ಮಾಡಿ ಎಂದಿದ್ದೇನೆ.