ಶಿರಾದಿಂದ ಹೊರಟವರು

ಮಕ್ಕಳೇ, ನಾನಿರುವ ಗಂಜಾಂ ವಲಸೆ ಬಂದವರ ಊರು. ಟಿಪ್ಪು ಸುಲ್ತಾನ್ ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಿ ತಂದು ಇಲ್ಲಿ ನೆಲೆಗೊಳಿಸಿದನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅವರು ತಾವಾಗಿ ಬಂದವರಲ್ಲ.

ಅದೇ ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದ ಚಂದ್ರ ಆರ್ಯ ಮಾತ್ರ ತಾವಾಗಿಯೇ ದೂರ ಹೋದರು. ಎಂಜಿನಿಯರಿಂಗ್ ಓದಿದ ಅವರು 2006ರಲ್ಲಿ ಕೆನಡಾಕ್ಕೆ ವಲಸೆ ಹೋದರು. ಒಂಬತ್ತೇ ವರ್ಷಗಳಲ್ಲಿ, ಅಂದರೆ 2015ರಲ್ಲಿ, ಒಟ್ಟಾವ ನಗರದ ನೇಪಿಯನ್ ಕ್ಷೇತ್ರದ ಜನ ಅವರನ್ನು ಸಂಸತ್ತಿಗೆ ಆರಿಸಿದರು. 2019 ಮತ್ತು 2021ರಲ್ಲೂ ಅವರೇ ಗೆದ್ದರು.

ಕೆನಡಾದ ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಆದರೂ 2022ರ ಮೇ ತಿಂಗಳಲ್ಲಿ ಚಂದ್ರ ಆರ್ಯ ಸಂಸತ್ತಿನಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಸಭೆ ಕೇಳಿಸಿಕೊಂಡಿತು.

ಈಗ ನಮ್ಮ ಕಡೆ ನೋಡೋಣ. ಮಂಡ್ಯ ಸೀಮೆಯ ಆಲೆಮನೆಗಳಿಗೆ ಉತ್ತರದ ರಾಜ್ಯಗಳಿಂದ ದುಡಿಯಲು ಬಂದವರ ಮಕ್ಕಳು ನಿಮ್ಮ ತರಗತಿಯಲ್ಲೂ ಇರಬಹುದು. ಅಂಥ ಮಗು "ನಾನು ಬಂತು" ಎಂದಾಗ ಕೆಲವರು ನಗುವುದನ್ನು ಕಂಡಿದ್ದೇನೆ. ನಗಬೇಡಿ. "ಬಂದೆ" ಎಂದು ಹೇಳಿಕೊಡಿ. ಅವರ ಮಾತಿನ ನಾಲ್ಕು ಪದ ನೀವೂ ಕಲಿಯಿರಿ. ಮುಂದೊಂದು ದಿನ ನಮ್ಮ ಶ್ರೀರಂಗಪಟ್ಟಣದ ಪರವಾಗಿ ವಿಧಾನಸೌಧದಲ್ಲಿ ಎದ್ದು ನಿಂತು ಮಾತನಾಡುವವರು ಅವರಲ್ಲೇ ಒಬ್ಬರಾಗಬಹುದು.